ಶ್ರೀ ಥಾಣೇದಾರ್ ಅವರಿಗೆ: ಮತಪತ್ರವನ್ನು ಸಾಲುಸಾಲಾಗಿ ಓದಿ

ಮಾನ್ಯ ಥಾಣೇದಾರ್ ಅವರೇ,

ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು ನೀವು. ಆದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇವೆ. ಯೆಮನ್ ಮತ್ತು ಬಾಂಗ್ಲಾದೇಶ ಮೂಲದ ಕುಟುಂಬಗಳು ನೆಲೆಸಿರುವ ಹ್ಯಾಮ್‌ಟ್ರಾಮ್ಕ್ ನೀವು ಅಮೆರಿಕದ ಸಂಸತ್ತಿನಲ್ಲಿ ಪ್ರತಿನಿಧಿಸುವ ಮಿಷಿಗನ್ 13ನೇ ಕ್ಷೇತ್ರದಲ್ಲಿದೆ. ಅರಬ್ ಮೂಲದವರೇ ಅರ್ಧಕ್ಕಿಂತ ಹೆಚ್ಚಿರುವ ಡಿಯರ್‌ಬಾರ್ನ್ ಪಕ್ಕದ ಕ್ಷೇತ್ರದ್ದು. 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಈ ಊರುಗಳು ಕೊಟ್ಟ ತೀರ್ಪನ್ನು ನಿಮ್ಮ ಡೆಮಾಕ್ರಟಿಕ್ ಪಕ್ಷದವರು, ಇಸ್ರೇಲ್ ನಡೆಸಿದ ಗಾಜಾ ಯುದ್ಧವನ್ನು ನೆನೆದು, 'ಗಾಜಾ ಸಿಟ್ಟು' ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುತ್ತಾರೆ. ಲೆಕ್ಕ ಹಾಗಿಲ್ಲ.

ಡಿಯರ್‌ಬಾರ್ನ್‌ನಲ್ಲಿ 2020ರಲ್ಲಿ ಬೈಡನ್‌ಗೆ ಸುಮಾರು ಶೇ. 69 ಮತ ಬಿದ್ದಿತ್ತು. 2024ರಲ್ಲಿ ಹ್ಯಾರಿಸ್‌ಗೆ ಸಿಕ್ಕಿದ್ದು ಶೇ. 36. ಟ್ರಂಪ್ ಶೇ. 30ರಿಂದ 42ಕ್ಕೆ ಏರಿದರು, ಗ್ರೀನ್ ಪಕ್ಷದ ಜಿಲ್ ಸ್ಟೈನ್ ಶೇ. 18 ಪಡೆದರು. ಅಂದರೆ ಕೈಬಿಟ್ಟ ಮತಗಳಲ್ಲಿ ಹೆಚ್ಚಿನವು ಎದುರಾಳಿಗೆ ಹೋಗಲಿಲ್ಲ. ಈ ವ್ಯತ್ಯಾಸ ಮುಖ್ಯ: ಎದುರಾಳಿಗೆ ದಾಟಿದ ಒಂದು ಮತ ಅಂತರವನ್ನು ಎರಡರಷ್ಟು ಬದಲಿಸುತ್ತದೆ, ಮೂರನೆಯವರಿಗೆ ಹೋದ ಮತ ಒಂದರಷ್ಟು ಮಾತ್ರ. ಅದೇ ದಿನ ಅದೇ ಮತಪತ್ರದಲ್ಲಿ ಸಂಸತ್ ಸ್ಥಾನಕ್ಕೆ ನಿಂತಿದ್ದ, ಯುದ್ಧವನ್ನು ವಿರೋಧಿಸಿದ್ದ ಡೆಮಾಕ್ರಾಟ್ ರಶೀದಾ ತ್ಲೈಬ್ ಅವರಿಗೆ ಊರಿನ ಸುಮಾರು ಶೇ. 62 ಮತ ಸಿಕ್ಕಿತು. ಯುದ್ಧದ ಬಗ್ಗೆ ಯಾರು ಏನು ಹೇಳಿದರು ಎಂಬುದನ್ನು ಹೆಸರು ಹಿಡಿದು ತೂಗಿದವರು ಇವರು.

ಹೀಗೆ ತೂಗಿ ಮತ ಹಾಕುವುದು ಸುಲಭವಲ್ಲ. ಮಿಷಿಗನ್ ಮತಪತ್ರದ ಮೇಲ್ಗಡೆ ಇಡೀ ಪಕ್ಷಕ್ಕೆ ಒಂದೇ ಗುರುತು ಹಾಕುವ ಜಾಗವಿದೆ. 2018ರ ಜನಮತದಿಂದ ಅದು ಮರಳಿ ಬಂತು. ಅಲ್ಲಿ ಗುರುತಿಟ್ಟು ಅಧ್ಯಕ್ಷ ಸ್ಥಾನವನ್ನು ಖಾಲಿ ಬಿಟ್ಟರೆ, ಆ ಮತ ತಾನಾಗಿ ಪಕ್ಷದ ಅಭ್ಯರ್ಥಿಗೇ ಸೇರುತ್ತದೆ. ಅಧ್ಯಕ್ಷರಿಗೆ ಮಾತ್ರ ಮತ ಬೇಡ ಎನ್ನುವವರು ಆ ಜಾಗವನ್ನು ಮುಟ್ಟದೆ, ಪ್ರತಿ ಸ್ಥಾನಕ್ಕೂ ಬೇರೆಬೇರೆಯಾಗಿ ಗುರುತು ಹಾಕಬೇಕು.

ಎಚ್ಚರಿಕೆ 2024ರ ಫೆಬ್ರವರಿ 27ರ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲೇ, ಸಿಕ್ಕಿತ್ತು. 1 ಲಕ್ಷಕ್ಕೂ ಹೆಚ್ಚು ಜನ ಬೈಡನ್‌ಗೆ ಮತ ಕೊಡದೆ 'ಅನ್‌ಕಮಿಟೆಡ್' (ಯಾರಿಗೂ ಬದ್ಧರಲ್ಲ) ಎಂದು ಗುರುತಿಟ್ಟರು, ಅಂದರೆ ಸುಮಾರು ಶೇ. 13. 2012ರಲ್ಲಿ ಒಬಾಮಾ ವಿರುದ್ಧವೂ ಶೇ. 10 ದಾಟಿತ್ತಲ್ಲ ಎಂದು ಕೆಲವರು ತಳ್ಳಿಹಾಕಿದರು. ಆಗ ಬಿದ್ದದ್ದು 21 ಸಾವಿರದಷ್ಟು ಮತ ಎಂಬುದನ್ನು ಅವರು ಹೇಳಲಿಲ್ಲ. ಪಕ್ಷದ ಸಮಾವೇಶದಲ್ಲಿ ಪ್ರತಿನಿಧಿ ಸ್ಥಾನ ಸಿಗಲು ರಾಜ್ಯದಲ್ಲಾಗಲಿ ಕ್ಷೇತ್ರದಲ್ಲಾಗಲಿ ಶೇ. 15 ಬೇಕು, ಎರಡು ಕ್ಷೇತ್ರಗಳಲ್ಲಿ ಮಾತ್ರ ಅದು ದಾಟಿತು, ಸಿಕ್ಕಿದ್ದು 2 ಸ್ಥಾನ. ಆಗಸ್ಟ್‌ನಲ್ಲಿ ಷಿಕಾಗೊ ಸಮಾವೇಶದ ವೇದಿಕೆಯಲ್ಲಿ ಪ್ಯಾಲೆಸ್ಟೀನ್ ಮೂಲದ ಒಬ್ಬರಿಗೆ ಮಾತಾಡಲು ಕೇಳಿದ ಅವಕಾಶವನ್ನೂ ಕೊಡಲಿಲ್ಲ.

ಯುದ್ಧವೊಂದೇ ಕಾರಣ ಎಂದು ನಾವೂ ಹೇಳುವುದಿಲ್ಲ. ಸಲಿಂಗ ಪ್ರೇಮದ ವಿಷಯವಿದ್ದ ಶಾಲೆಯ ಪುಸ್ತಕಗಳ ಜಗಳ ಡಿಯರ್‌ಬಾರ್ನ್‌ನಲ್ಲಿ 2022ರಲ್ಲೇ ಶುರುವಾಗಿತ್ತು. ಹ್ಯಾಮ್‌ಟ್ರಾಮ್ಕ್‌ನ ಆಗಿನ ಮೇಯರ್ 2024ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಪರ ನಿಂತರು. ಹಾಗಿದ್ದೂ ಅಲ್ಲಿ ಹ್ಯಾರಿಸ್ ಮೂರು ಅಂಶಗಳಷ್ಟು ಮುಂದಿದ್ದರು. ಆ ಊರು ಇನ್ನೂ ನಿಮ್ಮ ಮಾತು ಕೇಳಲು ಸಿದ್ಧವಿದೆ.

ಆದ್ದರಿಂದ ನಮಗೆ ಸಂತಾಪದ ಹೇಳಿಕೆ ಬೇಡ, ಎರಡು ಉತ್ತರ ಬೇಕು. 2016ರಲ್ಲಿ ಸಹಿಯಾದ ಒಪ್ಪಂದದಂತೆ 2019ರಿಂದ 2028ರವರೆಗೆ ಇಸ್ರೇಲ್‌ಗೆ 3,800 ಕೋಟಿ ಡಾಲರ್ ಸೇನಾ ನೆರವು ನಿಗದಿಯಾಗಿದೆ. ವರ್ಷಕ್ಕೆ 380 ಕೋಟಿ. ಹಣ ಮಂಜೂರು ಮಾಡುವುದು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು. ಮುಂದಿನ ಒಪ್ಪಂದದ ಹಣಕ್ಕೆ ಯಾವ ಷರತ್ತಿನ ಮೇಲೆ ಮತ ಹಾಕುತ್ತೀರಿ? ಶಸ್ತ್ರ ಮಾರಾಟ ತಡೆಯುವ ಜಂಟಿ ನಿರ್ಣಯ ಸದನಕ್ಕೆ ಬಂದರೆ ಹೌದೋ, ಅಲ್ಲವೋ?

ಉತ್ತರ ಆಗಸ್ಟ್ ಪ್ರೈಮರಿಗೆ ಮೊದಲೇ ಬರಲಿ. ನಿಮ್ಮ ಪಕ್ಷವೇ ಬಲವಾಗಿರುವ 13ನೇ ಕ್ಷೇತ್ರದಲ್ಲಿ ನವೆಂಬರ್ ಫಲಿತಾಂಶ ಬಹುಮಟ್ಟಿಗೆ ಆಗಸ್ಟ್‌ನಲ್ಲೇ ತೀರ್ಮಾನವಾಗುತ್ತದೆ. ಮಿಷಿಗನ್‌ನಲ್ಲಿ ಪಕ್ಷದ ನೋಂದಣಿ ಇಲ್ಲದ ಕಾರಣ ಯಾರು ಬೇಕಾದರೂ ನಿಮ್ಮ ಪಕ್ಷದ ಸಾಲಿನಲ್ಲಿ ಮತ ಹಾಕಬಹುದು. ಹ್ಯಾಮ್‌ಟ್ರಾಮ್ಕ್‌ನ ಮತದಾರರಿಗೆ ಇದು ಚೆನ್ನಾಗಿ ಗೊತ್ತು.

ಇತಿ,
ಮಿಷಿಗನ್‌ನ ಕನ್ನಡಿಗ ಮತದಾರರು