ಎಡಿಟ್ ಲಾಗ್ ಇದ್ದರೆ ಸಾಲದು, ಹಳೆಯ ಲೆಕ್ಕ ಕೇಳಿದಾಗ ಸಿಗಬೇಕು

ಮಾನ್ಯ ಸಂಪಾದಕರೇ,

ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ದಿನಾಂಕದೊಂದಿಗೆ ದಾಖಲಿಸಬೇಕು, ಈ ದಾಖಲೆಯನ್ನು (ಎಡಿಟ್ ಲಾಗ್) ಬಂದ್ ಮಾಡಲು ಆಗಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಳ್ಳೆಯ ನಿಯಮವೇ. ಆದರೆ ‘ಇಂಥ ವೋಚರ್ ತಿದ್ದಲಾಗಿದೆ’ ಎಂದು ಲಾಗ್‌ನಲ್ಲಿ ಒಂದು ಸಾಲು ಬರೆದು ಬಿಟ್ಟರೆ, ಮಾರ್ಚ್ 31ರ ರಾತ್ರಿ ಖಾತೆಯಲ್ಲಿ ಎಷ್ಟು ಬಾಕಿ ತೋರಿಸುತ್ತಿತ್ತು ಎಂಬ ಆಡಿಟರ್ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಇದಕ್ಕೆ ಬೇಕಾದ ಸಿಸ್ಟಂ ವರ್ಷನಿಂಗ್, ಅಂದರೆ ಹಳೆಯ ದತ್ತಾಂಶವನ್ನು ತಾನಾಗಿ ಉಳಿಸಿಕೊಳ್ಳುವ ವ್ಯವಸ್ಥೆ, ಡೇಟಾಬೇಸ್ ಸಾಫ್ಟ್‌ವೇರ್‌ಗಳಾದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2016ರ ಆವೃತ್ತಿಯಿಂದ, ಮಾರಿಯಾಡಿಬಿಯಲ್ಲಿ 10.3ರಿಂದ ಇದೆ. ಟೇಬಲ್‌ನ (ಕೋಷ್ಟಕದ) ಒಂದು ಸಾಲನ್ನು ತಿದ್ದಿದಾಗ ಹಳೆಯದು ಅಳಿಯುವುದಿಲ್ಲ. ಎಂದಿನಿಂದ ಎಂದಿನವರೆಗೆ ಚಾಲ್ತಿಯಲ್ಲಿತ್ತು ಎಂಬ ಎರಡು ಸಮಯಗಳ ಜೊತೆ ಉಳಿಯುತ್ತದೆ. ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ‘ಫಾರ್ ಸಿಸ್ಟಂ_ಟೈಮ್ ಆ್ಯಸ್ ಆಫ್’ ಎಂದು ಸಮಯ ಕೊಟ್ಟರೆ ಆ ಹೊತ್ತಿನ ಟೇಬಲ್ ಇದ್ದ ಹಾಗೇ ಬರುತ್ತದೆ.

ಎಡವುವುದು ಸಮಯದಲ್ಲೇ. ಎಸ್‌ಕ್ಯೂಎಲ್ ಸರ್ವರ್ ಈ ಸಮಯಗಳನ್ನು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯದಲ್ಲಿ, ಬರೆಯುತ್ತದೆ. ನಮ್ಮ ಮಾರ್ಚ್ 31ರ ಮಧ್ಯರಾತ್ರಿ ಅಲ್ಲಿ ಸಂಜೆ 18:30. ಐದೂವರೆ ಗಂಟೆ ಕಳೆಯದೆ 23:59 ಎಂದು ಕೇಳಿದರೆ, ಏಪ್ರಿಲ್ 1ರ ನಸುಕಿನಲ್ಲಿ ನಡೆದ ತಿದ್ದುಪಡಿಗಳೂ ಹಳೆಯ ವರ್ಷದ ಲೆಕ್ಕಕ್ಕೆ ನುಗ್ಗುತ್ತವೆ.

ಇನ್ನೊಂದು ಮಾತು. ಮಾರ್ಚ್ 28ರ ಬಿಲ್ಲನ್ನು ಏಪ್ರಿಲ್ 5ರಂದು ನಮೂದಿಸಿದರೆ, ಡೇಟಾಬೇಸಿಗೆ ಗೊತ್ತಿರುವುದು ಏಪ್ರಿಲ್ 5 ಮಾತ್ರ. ಬಿಲ್ ದಿನಾಂಕಕ್ಕೆ ಬೇರೆಯೇ ಕಾಲಂ ಇರಲೇಬೇಕು. ‘ಅಂದು ಪುಸ್ತಕದಲ್ಲಿ ಏನಿತ್ತು’ ಮತ್ತು ‘ಅಂದಿಗೆ ಸೇರಬೇಕಾದದ್ದು ಏನು’ ಎಂಬುವು ಎರಡು ಬೇರೆ ಪ್ರಶ್ನೆಗಳು. ತಿದ್ದಿದವರು ಯಾರು ಎಂಬುದನ್ನೂ ವರ್ಷನಿಂಗ್ ತಾನಾಗಿ ಬರೆದಿಡುವುದಿಲ್ಲ, ಅದಕ್ಕೂ ಒಂದು ಕಾಲಂ ಬೇಕು.

ಬ್ಯಾಕಪ್ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಮಾರಿಯಾಡಿಬಿಯಲ್ಲಿ ದತ್ತಾಂಶವನ್ನು ಫೈಲಿಗೆ ನಕಲು ಮಾಡುವ ಮಾಮೂಲಿ ಡಂಪ್‌ನಲ್ಲಿ ಈಗಿನ ಸಾಲುಗಳಷ್ಟೇ ಇರುತ್ತವೆ. ಇತಿಹಾಸವೂ ಬೇಕಿದ್ದರೆ 10.11ರಿಂದ ಬಂದ ‘ಡಂಪ್ ಹಿಸ್ಟರಿ’ ಆಯ್ಕೆ ಕೊಡಬೇಕು. ಮಾರಿಯಾಡಿಬಿಯಲ್ಲೇ ಟೇಬಲ್‌ನ ವರ್ಷನಿಂಗ್ ತೆಗೆದುಹಾಕಿದರೆ ಹಳೆಯ ಸಾಲುಗಳೆಲ್ಲ ಹೋಗುತ್ತವೆ. ಆದ್ದರಿಂದ ಸಾಫ್ಟ್‌ವೇರ್ ಬಳಸುವ ಲಾಗಿನ್‌ಗೆ ‘ಆಲ್ಟರ್’ (ಟೇಬಲ್ ರಚನೆ ಬದಲಿಸುವ) ಅಧಿಕಾರ ಕೊಡಲೇಬಾರದು. ಜಾಗ ಉಳಿಸಲೆಂದು ಇತಿಹಾಸವನ್ನು 6 ತಿಂಗಳಿಗೆ ಕತ್ತರಿಸುವುದೂ ಸಲ್ಲದು, ಲೆಕ್ಕಪುಸ್ತಕಗಳನ್ನು 8 ವರ್ಷ ಇಡಬೇಕೆಂದು ಕಾನೂನೇ ಹೇಳುತ್ತದೆ.

ಆಡಿಟರ್‌ಗಳಲ್ಲಿ ಒಂದು ವಿನಂತಿ: ಲಾಗ್ ಇದೆಯೇ ಎಂದು ಕೇಳಿ ಟಿಕ್ ಹಾಕಬೇಡಿ. ಬ್ಯಾಕಪ್‌ನಿಂದ ಮರಳಿ ತಂದ ಪ್ರತಿಯಲ್ಲಿ ಕಳೆದ ವರ್ಷದ ಯಾವುದಾದರೂ ಒಂದು ದಿನದ ಬಾಕಿಯನ್ನು ನಿಮ್ಮೆದುರೇ ತೆಗೆಸಿ ನೋಡಿ.

– ಡೇಟಾಬೇಸ್ ನಿರ್ವಾಹಕ, ಮೈಸೂರು