ನಮ್ಮ ಮದುವಿ ಹಂದರ ಉಳಿಸಿದ ಕಾಕಾರಿಗೆ

ಕಾಕಾ, ಗಡಿಬಿಡಿಯಾಗ ನಿಮ್ಮ ಹೆಸರ ಕೇಳಲಿಲ್ಲ, ಅದಕ್ಕ ಇಲ್ಲಿ ಬರಿಯಾಕತ್ತೀನಿ, ಗೊತ್ತಿದ್ದೋರು ಯಾರಾರ ಓದಿದ್ರ ದಯವಿಟ್ಟು ಅವರಿಗೆ ಮುಟ್ಟಸ್ರಿ.

ಖಾನಾಪುರ ರೋಡ್ ಕಡೆ ಹೊಲದಾಗ ತಂಗಿ ಮದುವಿ ಇಟ್ಕೊಂಡಿದ್ವಿ, ಮೇ ತಿಂಗಳು, ಕೃತ್ತಿಕಾ ಮಳಿ ದಿನ. ನಮ್ಮ ಬೆಳಗಾವಿ ಕಡೆ ಮುಂಜಾನೆ ಎಷ್ಟ ಬಿಸಲಿದ್ರೂ ಮಧ್ಯಾಹ್ನದ ಮ್ಯಾಲ ಗುಡುಗು ಗಾಳಿ ಕಟ್ಕೊಂಡ ಬರತೈತಿ ಅಂತ ಗೊತ್ತಿತ್ತು, ತಾಡಪತ್ರಿ ಕಟ್ಟೀವಿ, ಆತಲ್ಲ ಅನ್ಕೊಂಡಿದ್ವಿ. ಹಿಂದಿನ ದಿನ ಸಂಜಿಕ ನೀವು ಎಮ್ಮಿ ಹೊಡ್ಕೊಂಡ ಹೊಂಟೋರು ನಿಂತು ನೋಡಿ "ತಮ್ಮಾ, ಹಿಂಗ ಸಪಾಟ ಕಟ್ಟಿದ್ರ ನೀರ ನಿಂತು ಜೋತ ಬೀಳತೈತಿ, ಆ ಭಾರಕ್ಕ ಹಂದರಾನ ಕುಂದರತೈತಿ" ಅಂದ್ರಿ. ಅಷ್ಟ ಹೇಳಿ ಹೋಗಲಿಲ್ಲ ನೀವು, ಎಮ್ಮಿ ಗಿಡಕ್ಕ ಕಟ್ಟಿ ಬಂದು ನಡಬರಕ ಎತ್ತರದ ಬಿದಿರು ಹಚ್ಚಿ ಎರಡೂ ಕಡೆ ಇಳಿಜಾರ ಮಾಡಿಸಿದ್ರಿ, ಸುತ್ತ ಗೇಣ ಆಳ ಕಾಲುವಿ ಹೊಡಿಸಿ ನೀರ ತಗ್ಗಿನ ಕಡೆ ತಿರುವಿದ್ರಿ, ನೆಲದ ಮ್ಯಾಲಿದ್ದ ಜನರೇಟರ್ ವಾಯರ್ ನೋಡಿ ಸಿಟ್ಟಾಗಿ ಮ್ಯಾಲ ಕಟ್ಟಿಸಿದ್ರಿ. ಕತ್ತಲಾತು, ಚಾ ಸೈತ ಕುಡಿಲಿಲ್ಲ.

ಮರುದಿನ ಅಕ್ಕಿಕಾಳು ಬಿದ್ದು ಎರಡನೇ ಪಂಕ್ತಿಗೆ ಹುಗ್ಗಿ ನೀಡಾಕತ್ತಿದ್ವಿ, ಹೊಡೀತ ನೋಡ್ರಿ ಮಳಿ, ಮುಕ್ಕಾಲ ತಾಸು. ಒಬ್ಬರೂ ಎಲಿ ಬಿಟ್ಟು ಏಳಲಿಲ್ಲ ಕಾಕಾ. ನಮ್ಮವ್ವ ಕಣ್ಣಾಗ ನೀರ ತಂದು "ಆ ಹಿರಿಯರನ್ನ ಊಟಕ್ಕ ಕರದಿಲ್ಲೇನೋ" ಅಂದ್ಲು, ನನಗ ಮಾತ ಹೊಂಡಲಿಲ್ಲ.

ತಪ್ಪಾತು ಕಾಕಾ. ಭಾಳ ಉಪಕಾರ ಆತು. ಒಂದ್ಸಲ ಮನಿಗೆ ಬರ್ರಿ, ಅವ್ವ ಹುಗ್ಗಿ ಮಾಡ್ತಾಳ.