ಅನುವಾದದಲ್ಲಿ ಪಾಠ, ಸಂಶೋಧನೆ ಮಾಡಬೇಕು ಎನ್ನುವವರಿಗೆ

ಎಲ್ಲರಿಗೂ ನಮಸ್ಕಾರ. ಅನುವಾದ, ಭಾಷಾ ತಂತ್ರಜ್ಞಾನ (ಕಂಪ್ಯೂಟರಿನಿಂದ ಭಾಷೆಯ ಕೆಲಸ ಮಾಡಿಸುವುದು) ನಂಬಿಕೊಂಡು ಮೇಷ್ಟ್ರಾಗಬಹುದಾ ಎಂದು ನಿನ್ನೆ ಇಬ್ಬರು ಕೇಳಿದ್ದರು. ಖಂಡಿತ ಆಗಬಹುದು. ದಾರಿ ಸ್ವಲ್ಪ ಉದ್ದ, ಅಷ್ಟೆ.

ಕನ್ನಡ ಎಂ.ಎ. ಆಗಲಿ, ಭಾಷಾವಿಜ್ಞಾನವಾಗಲಿ, ಮುಗಿಸಿ ನೆಟ್ (ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಿರಿ. ಪಿಎಚ್‌.ಡಿ.ಗೆ ಹೈದರಾಬಾದ್ ವಿಶ್ವವಿದ್ಯಾಲಯದ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನ ಕೇಂದ್ರ ನೋಡಿ. ಕಂಪ್ಯೂಟರ್ ಕಡೆ ಒಲವಿದ್ದರೆ ಅದೇ ಊರಿನ ಟ್ರಿಪಲ್ ಐಟಿ (ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ). ನಮ್ಮ ಮೈಸೂರಿನಲ್ಲೇ 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇದೆ. ರಾಷ್ಟ್ರೀಯ ಅನುವಾದ ಮಿಷನ್ ಕೂಡ ಅಲ್ಲೇ.

ಕೋಡಿಂಗ್ ಬರಲ್ಲ ಎಂದು ಸುಮ್ನೆ ಹಿಂಜರಿಯಬೇಡಿ. 'ಅವರು ಬಂದರು' ಎಂದು ಅನುವಾದ ಮಾಡುವ ಯಂತ್ರಕ್ಕೆ ಕೊಟ್ಟು ನೋಡಿ. ಬಂದದ್ದು ಒಬ್ಬರೋ, ಹಲವರೋ? ಹೆಂಗಸೋ, ಗಂಡಸೋ? ಹಿಂದಿನ ವಾಕ್ಯ ಓದದೆ ಗೊತ್ತಾಗುವುದಿಲ್ಲ. ಇಂಗ್ಲಿಷಿಗೆ ತರುವಾಗ ಮಾತ್ರ ಒಂದನ್ನು ಆರಿಸಲೇಬೇಕು; ಯಂತ್ರ ಅಲ್ಲೇ ಎಡವಬಹುದು. ಇಂಥ ತಪ್ಪು ಹಿಡಿಯಲು, ಯಾಕಾಯಿತು ಎಂದು ವಿವರಿಸಲು ಕನ್ನಡ ಚೆನ್ನಾಗಿ ಬಲ್ಲವರೇ ಬೇಕು, ಅಲ್ವಾ? ಪೈಥಾನ್ ಎಂಬ ಕೋಡಿಂಗ್ ಭಾಷೆಯನ್ನು ನಿಧಾನಕ್ಕೆ ಕಲಿಯಬಹುದು. ನನಗೆ ತುಂಬಾ ಇಷ್ಟವಾದ ಕೆಲಸವೂ ಇಂಥ ತಪ್ಪು ಹಿಡಿಯುವುದೇ.

ಭಾನುವಾರ ಸಂಜೆ 6ಕ್ಕೆ ಇಲ್ಲೇ ಮಾತಾಡೋಣ. ಏನು ಓದಿದ್ದೀರಿ, ಏನು ಕೇಳಬೇಕು ಎಂದು ಶನಿವಾರದೊಳಗೆ ಬರೆದು ಹಾಕಿ.